ಕೆಂಪು ಹಿಡಿಕೆಯ ಪಕ್ಕಡ

ಪೂರ್ಣಿಮಾ ಬಂದು ಬಾಗಿಲಲ್ಲಿ ನಿಂತಾಗ ಜಕ್ಕಪ್ಪ ಪಂಪ್‌ಸೆಟ್ಟಿನ ಸ್ಟಾರ್ಟರೊಂದನ್ನು ಬಿಚ್ಚಿ ನೆಲದ ಮೇಲೆ ಹರಡಿಕೊಂಡು ಕೂತಿದ್ದ. ಮುಧೋಳದ ಆ ಓಣಿಗೆ ಬಂದು ಅವನಿಗೆ ಹನ್ನೆರಡು ವರ್ಷ. ಬೋರ್‌ವೆಲ್ ಕೆಟ್ಟಾಗ ರೈತರು ಫೋನು ಮಾಡುತ್ತಿದ್ದರೇ ಹೊರತು ಅವನ ಕೋಣೆ ಹುಡುಕಿಕೊಂಡು ಬಂದವರು ಯಾರೂ ಇರಲಿಲ್ಲ. ಬಾಗಿಲಲ್ಲಿ ನೆರಳು ಬಿದ್ದಾಗ ದಾರಿ ತಪ್ಪಿ ಬಂದವರಿರಬೇಕು ಎಂದುಕೊಂಡು ಅವನು ತಲೆಯನ್ನೇ ಎತ್ತಲಿಲ್ಲ.

"ಜಕ್ಕಪ್ಪ ಕಾಕಾ ಅಂದ್ರ ನೀವ ಏನ್ರಿ? ನಾ ಬನಹಟ್ಟಿ ಪೂರ್ಣಿಮಾ. ಸುಭಾಷ್ ಅವರ ಮಗಳು."

ಅವನು ಕೊನೆಯ ಸಲ ನೋಡಿದಾಗ ಅವಳಿಗೆ ಎಂಟು ವರ್ಷ. ಈಗ ಎದುರಿಗೆ ನಿಂತಿದ್ದವಳು ಇಪ್ಪತ್ತರ ಹುಡುಗಿ. ಹೆಗಲಿಗೆ ಚೀಲ, ಕಾಲಿಗೆ ಬೂಟು. ಹುಬ್ಬು ಮಾತ್ರ ಅಪ್ಪನದು, ನಡುವೆ ಕೂಡಿಕೊಂಡ ದಪ್ಪ ಹುಬ್ಬು. ಜಕ್ಕಪ್ಪ ಗಂಟಲು ಸರಿಮಾಡಿಕೊಂಡ. ಬೆಳಗಿನಿಂದ ಅವನು ಯಾರ ಜೊತೆಗೂ ಮಾತಾಡಿರಲಿಲ್ಲ, ಹಿಂದಿನ ದಿನವೂ ಆಡಿದ್ದ ನೆನಪಿರಲಿಲ್ಲ. ಎಷ್ಟೋ ದಿನ ಹಾಗೆಯೇ ಆಗುತ್ತಿತ್ತು. ಮಧ್ಯಾಹ್ನ ಯಾರಾದರೂ ಫೋನು ಮಾಡಿದಾಗ ಮೊದಲ ಮಾತು ಹೊರಡಲಾರದೆ ಗಂಟಲಲ್ಲೇ ಸಿಕ್ಕಿಕೊಳ್ಳುತ್ತಿತ್ತು.

ಅವಳು ಹೊಸ್ತಿಲ ಮೇಲೆಯೇ ಕೂತು ಬಂದ ಕಾರಣ ಹೇಳಿದಳು. ಜಮಖಂಡಿಯಲ್ಲಿ ಐಟಿಐ ಮುಗಿಸಿದ್ದಳು, ಎಲೆಕ್ಟ್ರಿಶಿಯನ್ ಟ್ರೇಡು. ಸಕ್ಕರೆ ಕಾರ್ಖಾನೆಯೊಂದರ ಕರೆಂಟಿನ ವಿಭಾಗದಲ್ಲಿ ಅಪ್ರೆಂಟಿಸ್ ಎಂದು ತೆಗೆದುಕೊಂಡಿದ್ದರು. ಸೋಮವಾರದಿಂದ ಕೆಲಸ. ಕೈಸಾಮಾನು ಅವರವರೇ ತರಬೇಕಂತೆ. ಐಟಿಐಯಲ್ಲಿ ಎಲ್ಲರಿಗೂ ಸೇರಿ ಒಂದೇ ಪೆಟ್ಟಿಗೆ ಇತ್ತು, ತಂತಿ ಹಿಡಿದು ಕತ್ತರಿಸುವ ಸವೆದ ಪಕ್ಕಡ, ಮೊಂಡಾದ ಸ್ಕ್ರೂಡ್ರೈವರ್. ಈಗ ಸ್ವಂತಕ್ಕೆ ಕೊಳ್ಳಬೇಕು ಎಂದರೆ ಗೆಳತಿಯರು ಒಂದು ಹೇಳುತ್ತಾರೆ, ಮೊಬೈಲಿನ ವಿಡಿಯೋ ಇನ್ನೊಂದು ಹೇಳುತ್ತದೆ.

"ಅವ್ವ ಅಂದ್ಲು, ಜಕ್ಕಪ್ಪಣ್ಣನ್ನ ಕರಕೊಂಡ ಹೋಗು, ಸಾಮಾನಿನ ಪರೀಕ್ಷಾ ಅವರಷ್ಟ ಬ್ಯಾರೆ ಯಾರಿಗೂ ಗೊತ್ತಿಲ್ಲ ಅಂತ."

ಆ ಮಾತು ಕೇಳಿ ಜಕ್ಕಪ್ಪ ಬಿಚ್ಚಿಟ್ಟ ಸ್ಟಾರ್ಟರಿನ ಕಡೆ ನೋಡುತ್ತ ಕೂತುಬಿಟ್ಟ. ಸುಭಾಷನ ಹೆಂಡತಿ ಕಾಂಚನಾ ಅವನ ಹೆಸರು ಹಿಡಿದು ಒಳ್ಳೆಯ ಮಾತಾಡಿದ್ದಳು. ಕೆಲಸವಿದೆ, ಬರಲಾಗುವುದಿಲ್ಲ ಎಂದು ಹೇಳಲು ಬಾಯಿ ತೆರೆದ. ಆದರೆ ಬಾಯಿಂದ ಹೊರಟ ಮಾತೇ ಬೇರೆ. "ತಡಿ ಯವ್ವಾ, ಅಂಗಿ ಹಾಕ್ಕೊಂಡ ಬರತೇನಿ."

ಒಂದು ಕಾಲಕ್ಕೆ ಅವನು ಆ ಮನೆಯವನೇ ಆಗಿದ್ದ. ಸುಭಾಷ್ ಮತ್ತು ಅವನು ಹದಿನಾಲ್ಕು ವರ್ಷ ಜೋಡಿಯಾಗಿ ರಬಕವಿ ಬನಹಟ್ಟಿಯ ವಿದ್ಯುತ್ ಮಗ್ಗಗಳ ಮೋಟಾರು ರಿಪೇರಿ ಮಾಡಿದವರು. ತಂಗಿಯರ ಮದುವೆ ಮಾಡುವುದರೊಳಗೆ ಜಕ್ಕಪ್ಪನಿಗೆ ಮದುವೆಯ ವಯಸ್ಸು ದಾಟಿತ್ತು. ಹಾಗಾಗಿ ಅವನ ಊಟ ಸುಭಾಷನ ಮನೆಯಲ್ಲೇ. ಸುಭಾಷನ ತಾಯಿ ಅನಸವ್ವ ಇಬ್ಬರಿಗೂ ಒಂದೇ ಸಲ ರೊಟ್ಟಿ ಬಡಿಯುತ್ತಿದ್ದಳು, ಕಾಂಚನಾ ಅಣ್ಣಾ ಎಂದೇ ಕರೆಯುತ್ತಿದ್ದಳು. ಪೂರ್ಣಿಮಾ ಅವನ ಹೆಗಲ ಮೇಲೆ ಕೂತು ಶಾಲೆಗೆ ಹೋಗಿದ್ದವಳು. ಸುಭಾಷ್ ಸತ್ತ ಮೂರನೆಯ ದಿನ ಜಕ್ಕಪ್ಪ ಆ ಮನೆಗೆ ಹೋಗಿದ್ದೇ ಕೊನೆ. ತಿಂಗಳು ತುಂಬುವುದರೊಳಗೆ ಊರು ಬಿಟ್ಟ. ಮುಧೋಳದ ಕಡೆ ಕೆಲಸ ಹೆಚ್ಚು ಎಂದು ಕೇಳಿದವರಿಗೆ ಹೇಳಿದ. ಅವನು ದುಃಖ ತಾಳಲಾರದೆ ಹೋದನೆಂದು ಬನಹಟ್ಟಿಯವರು ತಾವೇ ಅರ್ಥ ಮಾಡಿಕೊಂಡರು. ಅದು ಸುಳ್ಳಲ್ಲ, ಆದರೆ ಪೂರ್ತಿ ಖರೆಯೂ ಆಗಿರಲಿಲ್ಲ.

ಜಮಖಂಡಿಯ ಬಸ್ಸಿನಲ್ಲಿ ಪೂರ್ಣಿಮಾ ಆಧಾರ್ ಕಾರ್ಡು ತೋರಿಸಿ ಸೊನ್ನೆ ಟಿಕೆಟು ಪಡೆದಳು, ಅವನು ತನ್ನದನ್ನು ಕೊಂಡ. ಕಬ್ಬು ತುಂಬಿದ ಟ್ರ್ಯಾಕ್ಟರುಗಳ ಹಿಂದೆ ಬಸ್ಸು ನಿಧಾನವಾಗಿ ಸಾಗಿತು. ಅವಳು ಕಾರ್ಖಾನೆಯ ಬಗ್ಗೆ ಏನೇನೋ ಕೇಳುತ್ತಿದ್ದಳು. ಅಲ್ಲಿ ಹುಡುಗಿಯೆಂದರೆ ಇವಳೊಬ್ಬಳೇ ಅಂತೆ. ಅಂಜಿಕೆ ಬರುತ್ತದೆಯೇ ಎಂದು ಅವನು ಕೇಳಿದ. ಕರೆಂಟಿನ ಅಂಜಿಕೆ ಇಲ್ಲ, ಯಾರೂ ಮಾತಾಡಿಸದಿದ್ದರೆ ಎಂಬ ಅಂಜಿಕೆ ಎಂದಳು. ಆ ಅಂಜಿಕೆ ಹೇಗಿರುತ್ತದೆ, ಅದು ದಿನ ಕಳೆದಂತೆ ಹೇಗೆ ರೂಢಿಯಾಗುತ್ತದೆ ಎಂಬುದು ಅವನಿಗೆ ಗೊತ್ತಿತ್ತು. ಇಪ್ಪತ್ತರ ಹುಡುಗಿಗೆ ಹೇಳುವ ಮಾತು ಅದಲ್ಲ.

ಧನಪಾಲ ಸಾವ್ಕಾರರ ಅಂಗಡಿ ಜಮಖಂಡಿ ಪೇಟೆಯಲ್ಲಿ ಹಳೆಯದು. ತೇರದಾಳದ ಕಡೆಯ ಜೈನರು, ಹೊತ್ತು ಮುಳುಗುವ ಮೊದಲು ಊಟಕ್ಕೆ ಕೂಡುವವರು, ಹಾಗಾಗಿ ಸಂಜೆ ಬೇಗ ಬಾಗಿಲು ಹಾಕುತ್ತಿದ್ದರು. ಜಕ್ಕಪ್ಪನನ್ನು ಕಂಡು ಕನ್ನಡಕ ಏರಿಸಿ ನೋಡಿ, ಬಹಳ ಸೊರಗಿದ್ದೀಯಲ್ಲ ಎಂದರು. ಹುಡುಗಿ ಯಾರ ಮಗಳೆಂದು ತಿಳಿದಾಗ ತಾವೇ ಎದ್ದು ಒಳಗಿನ ಕಪಾಟಿನಿಂದ ಪಕ್ಕಡಗಳ ಡಬ್ಬಿಗಳನ್ನು ತಂದು ಮೇಜಿನ ಮೇಲಿಟ್ಟರು.

ಜಕ್ಕಪ್ಪನ ಕೈ ತಾನೇ ಕೆಲಸಕ್ಕಿಳಿಯಿತು. ಒಂದು ಪಕ್ಕಡ ತೆಗೆದು ಬಾಯಿ ಮುಚ್ಚಿ ಬಾಗಿಲ ಬೆಳಕಿಗೆ ಹಿಡಿದ. ಕತ್ತರಿಸುವ ಜಾಗದಲ್ಲಿ ಕೂದಲಿನಷ್ಟು ಬೆಳಕು ತೂರಿ ಬಂದರೂ ಅದು ಬೇಡ ಎಂದು ಬದಿಗಿಟ್ಟ. ಇನ್ನೊಂದನ್ನು ತೆಗೆದು ಎರಡೂ ಹಿಡಿಕೆ ಹಿಡಿದು ಅಡ್ಡಕ್ಕೆ ಅಲುಗಾಡಿಸಿದ. ನಡುವಿನ ಕೀಲು ಕಟಕಟ ಎಂದರೆ ಆರು ತಿಂಗಳಲ್ಲಿ ಹಲ್ಲು ಒಂದರ ಮೇಲೊಂದು ಕೂಡುವುದಿಲ್ಲ ಎಂದು ಅವಳಿಗೆ ತೋರಿಸಿದ. ತಾಮ್ರದ ತಂತಿಯ ಒಂದೇ ಒಂದು ಎಳೆ ಬಿಡಿಸಿ ಕತ್ತರಿಸಿದ. ದಪ್ಪ ತಂತಿಯನ್ನು ಎಂಥ ಪಕ್ಕಡವೂ ಕತ್ತರಿಸುತ್ತದೆ, ಒಂಟಿ ಎಳೆಯನ್ನು ಜಗ್ಗದೆ ತುಂಡರಿಸುವುದು ಒಳ್ಳೆಯದು ಮಾತ್ರ. ಕೊನೆಗೆ ಹಿಡಿಕೆಯ ಮೇಲಿನ ರಬ್ಬರನ್ನು ಎರಡೂ ಕೈಯಿಂದ ತಿರುವಿ ನೋಡಿದ, ಉಗುರಿನಿಂದ ಒತ್ತಿ ನೋಡಿದ. ಅದು ಕಬ್ಬಿಣಕ್ಕೆ ಅಂಟಿಯೇ ಹುಟ್ಟಿದಂತಿರಬೇಕು, ಕೈ ಜಾರಿ ಲೋಹಕ್ಕೆ ತಗಲದಂತೆ ತುದಿಗೆ ಉಬ್ಬಿದ ದಿಂಡು ಇರಬೇಕು. ಮೇಲೊಂದು ಬಣ್ಣ ಒಳಗೊಂದು ಬಣ್ಣ ಇರುವುದಾದರೆ ಇನ್ನೂ ಒಳ್ಳೆಯದು. ಒಳಗಿನ ಬಣ್ಣ ಕಂಡ ದಿನ ಅದನ್ನು ಬಿಸಾಡಿಬಿಡಬೇಕು, ಎಷ್ಟೇ ಪ್ರೀತಿಯದಿದ್ದರೂ.

ಎಂಟು ಇಂಚಿನದನ್ನು ಆರಿಸಿ ಅವಳ ಕೈಗೆ ಕೊಟ್ಟಾಗ ಅವಳ ಬೆರಳು ಹಿಡಿಕೆಯನ್ನು ಪೂರ್ತಿ ಸುತ್ತಲಿಲ್ಲ. ತಾನು ತನ್ನ ಕೈಯ ಅಳತೆಗೆ ಆರಿಸುತ್ತಿದ್ದೇನೆ ಎಂದು ಅವನಿಗೆ ಹೊಳೆಯಿತು. ಮತ್ತೆ ಮೊದಲಿನಿಂದ ಶುರು ಮಾಡಿ ಆರೂವರೆ ಇಂಚಿನದನ್ನು ಹುಡುಕಿದ. ಸ್ಕ್ರೂಡ್ರೈವರುಗಳಲ್ಲಿ ತುದಿಯವರೆಗೂ ಕವಚವಿದ್ದವನ್ನೇ ತೆಗೆದ. ಟೆಸ್ಟರನ್ನು ಅಂಗಡಿಯ ಸಾಕೆಟ್ಟಿಗೆ ಹಚ್ಚಿಸಿ, ದಿನಾ ಕೆಲಸಕ್ಕೆ ಮೊದಲು ಕರೆಂಟು ಇದೆಯೆಂದು ಗೊತ್ತಿರುವ ಕಡೆ ಹಚ್ಚಿ ನೋಡಬೇಕು, ಕೆಟ್ಟ ಟೆಸ್ಟರು ಎಲ್ಲಿ ಹಚ್ಚಿದರೂ ಕರೆಂಟಿಲ್ಲ ಎಂದೇ ಹೇಳುತ್ತದೆ ಎಂದ. ಇಷ್ಟು ಮಾತನ್ನು ಅವನು ಎಷ್ಟು ವರ್ಷಗಳಿಂದ ಒಟ್ಟಿಗೆ ಆಡಿರಲಿಲ್ಲವೋ. ಅವಳು ಕೇಳುತ್ತ ಹೋದಳು, ಅವನು ಹೇಳುತ್ತ ಹೋದ. ನಡುವೆ ಒಂದು ಸಲ ನಕ್ಕ ಕೂಡ.

ಆಗಲೇ ಪೂರ್ಣಿಮಾ ಅಂಗಡಿಯ ಬಾಗಿಲ ಹತ್ತಿರ ತೂಗುಹಾಕಿದ್ದ ಸಾಲಿನಿಂದ ಒಂದು ಪಕ್ಕಡ ತೆಗೆದುಕೊಂಡು ಬಂದಳು. ಹೊಳೆಯುವ ಕೆಂಪು ಹಿಡಿಕೆ. ಇದರ ಮೇಲೂ ಸಾವಿರ ವೋಲ್ಟ್ ಎಂದು ಬರೆದಿದ್ದಾರೆ, ಹಗುರವೂ ಇದೆ, ಇದೇಕೆ ಆಗಬಾರದು ಎಂದು ಕೇಳಿದಳು.

ಜಕ್ಕಪ್ಪ ಅದನ್ನು ಅವಳ ಕೈಯಿಂದ ಕಸಿದುಕೊಂಡ. ಮೇಜಿನ ಮೇಲಿದ್ದ ಚಾಕು ತೆಗೆದು ಹಿಡಿಕೆಯ ಉದ್ದಕ್ಕೂ ಸೀಳಿದ. ಕೆಂಪು ಪ್ಲಾಸ್ಟಿಕ್ಕು ಬಾಳೆಹಣ್ಣಿನ ಸಿಪ್ಪೆಯಂತೆ ಬಿಚ್ಚಿಕೊಂಡಿತು. ಒಳಗೆ ಒಂದು ಕಡೆ ದಪ್ಪ, ಒಂದು ಕಡೆ ಕಾಗದದಷ್ಟು ತೆಳು, ನಡುವೆ ಗಾಳಿಯ ಗುಳ್ಳೆಗಳು. ಧನಪಾಲರು ದಂಗಾಗಿ ನೋಡಿದರು. ಇದು ಮನೆಯಲ್ಲಿ ಮೊಳೆ ಕೀಳುವವರು ಕೊಳ್ಳುವ ಸಾಮಾನು, ಕರೆಂಟಿನ ಕೆಲಸದವರಿಗೆ ತಾವೆಂದೂ ಕೊಟ್ಟವರಲ್ಲ ಎಂದು ಬೇಜಾರಿನಲ್ಲಿ ಹೇಳಿದರು. ಜಕ್ಕಪ್ಪ ತಪ್ಪಾಯಿತೆಂದು ಹೇಳಿ ಅದರ ಹಣವನ್ನೂ ಕೊಟ್ಟ.

ಬಸ್ ನಿಲ್ದಾಣಕ್ಕೆ ಬಂದಾಗ ಬನಹಟ್ಟಿಯ ಬಸ್ಸಿಗೆ ಹೊತ್ತಿತ್ತು. ಮನೆಗೆ ಊಟಕ್ಕೆ ಬರಲೇಬೇಕೆಂದು ಅವ್ವ ಹೇಳಿ ಕಳಿಸಿದ್ದಾಳೆ ಎಂದು ಅವಳು ಹೇಳಿದಳು. ಕಲ್ಲಿನ ಕಟ್ಟೆಯ ಮೇಲೆ ಇಬ್ಬರೂ ಕೂತರು. ಸಾಮಾನಿನ ಚೀಲ ನಡುವೆ ಇತ್ತು. ಮುಧೋಳದ ಬಸ್ಸೊಂದು ಬಂದು ನಿಂತು ಜನರನ್ನು ತುಂಬಿಕೊಂಡು ಹೋಯಿತು. ಅವನು ಏಳಲಿಲ್ಲ.

"ಕಾಕಾ, ಸೀಳೂಕಿಂತ ಮೊದಲ ನಿಮಗ ಹೆಂಗ ಗೊತ್ತಾತು, ಒಳಗ ಹಂಗ ಐತಿ ಅಂತ?"

ಜಕ್ಕಪ್ಪ ನಡುವಿದ್ದ ಚೀಲವನ್ನು ಅವಳ ಕಡೆಗೆ ಸರಿಸಿದ.

"ನಿಮ್ಮಪ್ಪ ಸತ್ತಾಗ ಅವನ ಕೈಯಾಗ ಅಂಥಾದ ಪಕ್ಕಡ ಇತ್ತು. ಅದನ್ನ ಕೊಟ್ಟಾಂವ ನಾನು."

ಒಮ್ಮೆ ಬಾಯಿಬಿಟ್ಟ ಮೇಲೆ ಉಳಿದದ್ದು ನಿಲ್ಲಲಿಲ್ಲ. ಸುಭಾಷನ ಹತ್ತಿರ ಮೊದಲು ಒಂದು ಹಳೆಯ, ಭಾರವಾದ, ಒಳ್ಳೆಯ ಪಕ್ಕಡ ಇತ್ತು. ಒಂದು ದಿನ ಸಂತೆಯಲ್ಲಿ ಜಕ್ಕಪ್ಪ ಕೆಂಪು ಹಿಡಿಕೆಯ ಎರಡು ಪಕ್ಕಡ ಕೊಂಡು ತಂದ, ಇಬ್ಬರಿಗೂ ಒಂದೊಂದು. ಚೌಕಾಸಿ ಮಾಡಿ ತಂದ ಹೆಮ್ಮೆ ಅವನಿಗೆ. ಆ ಹಳೆಯದನ್ನು ಯಾಕೆ ಹೊರುತ್ತೀ, ಇದನ್ನು ಹಿಡಿ ಎಂದು ಗೆಳೆಯನಿಗೆ ಹಟ ಮಾಡಿ ಕೊಟ್ಟ. ಸುಭಾಷ್ ಇವನ ಮನಸ್ಸು ನೋಯಿಸಬಾರದೆಂದು ಅದನ್ನೇ ಬಳಸಲು ಶುರು ಮಾಡಿದ. ಆರು ತಿಂಗಳ ಮೇಲೆ, ಮಳೆಗಾಲದಲ್ಲಿ, ಒಂದು ಮಗ್ಗದ ಶೆಡ್ಡಿನಲ್ಲಿ ಮೋಟಾರು ಸುಟ್ಟಿತ್ತು. ಮುಂದಿನ ಮದುವೆ ಸೀಸನ್ನಿನ ಸೀರೆಗಳು, ಉಳಿದ ಮಗ್ಗ ನಿಲ್ಲಿಸಬೇಡಿ ಎಂದು ಮಾಲೀಕ ಹೇಳಿದ್ದ. ಮೇನ್ ಸ್ವಿಚ್ ಆರಿಸದೆ ಕೆಲಸ ಮಾಡೋಣ ಎಂದು ಇಬ್ಬರೂ ಒಪ್ಪಿದ್ದರು. ಅಂಥ ಕೆಲಸ ಅವರು ನೂರು ಸಲ ಮಾಡಿದವರು. ಸೋರಿದ ನೀರಿನಿಂದ ನೆಲ ಒದ್ದೆಯಾಗಿತ್ತು. ಹಿಡಿಕೆಯ ತೆಳುವಾದ ಕಡೆ ಪ್ಲಾಸ್ಟಿಕ್ಕು ಬಿರಿದದ್ದನ್ನು ಇಬ್ಬರೂ ನೋಡಿರಲಿಲ್ಲ.

ಪೊಲೀಸರು ಪಂಚನಾಮೆಗೆ ಬರುವ ಮೊದಲು ಜಕ್ಕಪ್ಪ ನೆಲದ ಮೇಲೆ ಬಿದ್ದಿದ್ದ ಆ ಪಕ್ಕಡವನ್ನು ತನ್ನ ಚೀಲಕ್ಕೆ ಹಾಕಿಕೊಂಡಿದ್ದ. ಯಾಕೆ ಹಾಗೆ ಮಾಡಿದನೋ ಅವನಿಗೇ ಗೊತ್ತಿರಲಿಲ್ಲ. ಯಾರೂ ಅದನ್ನು ಕೇಳಲಿಲ್ಲ. ಸುಭಾಷ್ ನಿಷ್ಕಾಳಜಿಯಿಂದ ಬರಿಗೈಯಲ್ಲಿ ತಂತಿ ಮುಟ್ಟಿ ಸತ್ತ ಎಂದು ಊರೆಲ್ಲ ಮಾತಾಯಿತು. ಜಕ್ಕಪ್ಪ ಅಲ್ಲ ಎನ್ನಲಿಲ್ಲ.

ಪೂರ್ಣಿಮಾ ಅಳಲಿಲ್ಲ. ಚೀಲದ ಹಿಡಿಕೆಯನ್ನು ಬೆರಳಿಗೆ ಸುತ್ತುತ್ತ ಕೂತಿದ್ದಳು.

"ನಾ ಐಟಿಐ ಸೇರತೇನಿ ಅಂದಾಗ ಅಜ್ಜಿ ಮೂರ ದಿನಾ ಊಟಾ ಬಿಟ್ಟಿದ್ಲು," ಎಂದಳು ಕೊನೆಗೆ. "ಅಪ್ಪನಂಗ ನಿಷ್ಕಾಳಜಿ ಮಾಡತಿ, ಅಪ್ಪನಂಗ ಹೋಗತಿ ಅಂತಿದ್ಲು. ಇದನ್ನ ಅವ್ವಗ ನೀವ ಹೇಳಬೇಕ್ರಿ. ನಾ ಹೇಳಂಗಿಲ್ಲ."

ಬನಹಟ್ಟಿಯ ಬಸ್ಸು ಬಂದಾಗ ಅವಳು ಹತ್ತಿ ಕಿಟಕಿಯ ಹತ್ತಿರ ಕೂತಳು. ಜಕ್ಕಪ್ಪ ಹಿಂದಿನ ಸೀಟಿನಲ್ಲಿ ಕೂತ. ದಾರಿಯುದ್ದಕ್ಕೂ ಅವಳು ತಿರುಗಿ ನೋಡಲಿಲ್ಲ. ಮುಂದಿನ ಸ್ಟಾಪಿನಲ್ಲಿ ಇಳಿದುಬಿಡಬಹುದು ಎಂದು ಅವನಿಗೆ ಎರಡು ಸಲ ಅನ್ನಿಸಿತು. ಇಳಿದರೆ ತಡೆಯುವವರೂ ಇರಲಿಲ್ಲ.

ಬನಹಟ್ಟಿಯಲ್ಲಿ ಓಣಿಗೆ ಕಾಲಿಡುತ್ತಲೇ ಮಗ್ಗಗಳ ಸದ್ದು ಎದೆಗೆ ಬಡಿಯಿತು. ಕಾಂಚನಾಳ ಮನೆಯ ಹೊರಕೋಣೆಯಲ್ಲಿ ಎರಡು ವಿದ್ಯುತ್ ಮಗ್ಗ ಓಡುತ್ತಿದ್ದವು. ಒಳಗೆ ಅನಸವ್ವ ಗೋಡೆಗೆ ಒರಗಿ ಕಂಡಿಕೆಗೆ ನೂಲು ಸುತ್ತುತ್ತಿದ್ದಳು. ಎಪ್ಪತ್ತೈದು ದಾಟಿದ್ದರೂ ಕೈ ನಿಂತಿರಲಿಲ್ಲ. ಕಾಂಚನಾ ಒಂದು ಮಗ್ಗ ನಿಲ್ಲಿಸಿ ಬಂದು, ಈಗ ನೆನಪಾತೇನ್ರಿ ಅಣ್ಣಾ ನಮ್ಮ ಮನಿ, ಎಂದು ನಗುತ್ತ ಕೇಳಿ ನೀರು ಕೊಟ್ಟಳು. ಅವಳ ತಲೆಗೂದಲು ಮುಂದೆ ಬೆಳ್ಳಗಾಗಿತ್ತು. ಒಳಗೆ ತಾಟು ಹಾಕಿದ್ದರು. ಬಿಸಿ ರೊಟ್ಟಿಯ ವಾಸನೆ ಬರುತ್ತಿತ್ತು.

ಜಕ್ಕಪ್ಪ ಊಟಕ್ಕೆ ಕೂಡಲಿಲ್ಲ, ನೀರನ್ನೂ ಕುಡಿಯಲಿಲ್ಲ. ತಂಬಿಗೆ ಕೆಳಗಿಟ್ಟು ನಿಂತುಕೊಂಡೇ ಹೇಳಿದ. ಬಸ್ ನಿಲ್ದಾಣದಲ್ಲಿ ಹೇಳಿದ್ದಕ್ಕಿಂತ ಕಡಿಮೆ ಮಾತಿನಲ್ಲಿ, ಸಂತೆಯಿಂದ ಹಿಡಿದು ಪಂಚನಾಮೆಯವರೆಗೆ ಏನನ್ನೂ ಬಿಡದೆ ಹೇಳಿದ. ಮೇನ್ ಆರಿಸದೆ ಮಾಡೋಣ ಎಂದದ್ದು ಸುಭಾಷ್ ಒಬ್ಬನೇ ಅಲ್ಲ, ಇಬ್ಬರೂ ಸೇರಿ ಎಂಬುದನ್ನೂ ಹೇಳಿದ.

ಕಾಂಚನಾ ಗೋಡೆ ಹಿಡಿದು ಕೂತಳು.

"ಹನ್ನೆರಡ ವರ್ಷ ನಾ ಅವರ ಮ್ಯಾಲ ಸಿಟ್ಟ ಹಿಡದೇನ್ರಿ ಅಣ್ಣಾ," ಎಂದಳು. ಧ್ವನಿ ಏರಿರಲಿಲ್ಲ. "ಸತ್ತವರ ಮ್ಯಾಲ. ನನ್ನ ನೆನಸಲಿಲ್ಲ, ಈ ಕೂಸಿನ ಮಾರಿ ನೆನಸಲಿಲ್ಲ, ಬರಿಗೈಲೆ ತಂತಿ ಹಿಡದ್ರು ಅಂತ. ಒಂದ ದಿನಾ ಅವರಿಗೆ ಸಮಾಧಾನದಿಂದ ಅತ್ತಿಲ್ಲ ನಾ."

ಆಮೇಲೆ ಎದ್ದು ಪಕ್ಕದ ಮನೆಯಲ್ಲಿದ್ದ ಮೈದುನ ಮಲ್ಲಿನಾಥನನ್ನು ಕರೆದು ತಂದಳು. ಅಣ್ಣನ ನಿಷ್ಕಾಳಜಿಯ ಮಾತನ್ನು ಊರಲ್ಲಿ ಎಲ್ಲರಿಗಿಂತ ಹೆಚ್ಚು ಆಡಿದವನು ಅವನೇ. ಅವನ ಮುಂದೆ ಇನ್ನೊಮ್ಮೆ ಹೇಳಿರಿ ಎಂದಳು. ಜಕ್ಕಪ್ಪ ಇನ್ನೊಮ್ಮೆ ಹೇಳಿದ. ಮಲ್ಲಿನಾಥ ಸಿಟ್ಟಿನಿಂದ ಮುಂದೆ ಬಂದವನು ಅತ್ತಿಗೆಯ ಮುಖ ನೋಡಿ ಅಲ್ಲೇ ನಿಂತ.

ಅನಸವ್ವ ನೂಲು ಸುತ್ತುವುದನ್ನು ನಿಲ್ಲಿಸಿ ಕೇಳಿದಳು.

"ಅಂವಾ ಕೂಗಿದ್ನೇನಪಾ?"

ಆ ಕ್ಷಣದಲ್ಲೇ ಜೀವ ಹೋಯಿತು, ಏನೂ ತಿಳಿದಿರಲಿಕ್ಕಿಲ್ಲ ಎಂದು ಅವಳಿಗೆ ಎಲ್ಲರೂ ಹೇಳಿದ್ದರು. ಜಕ್ಕಪ್ಪನೂ ಅದನ್ನೇ ಹೇಳಬಹುದಿತ್ತು.

"ಮಗ್ಗಾ ನಡದಿದ್ದೂ ಯವ್ವಾ. ಕೂಗಿದ್ರೂ ಕೇಳತಿರಲಿಲ್ಲ," ಎಂದ. "ನನ್ನ ಕಡೆ ನೋಡಿದಾ. ನಾ ಓಡಿ ಹೋಗಿ ಮೇನ್ ಆರಿಸೂದ್ರಾಗ ಆಗಿಹೋಗಿತ್ತು."

ಮುದುಕಿ ತಲೆ ಆಡಿಸಿದಳು. ಯಾರಾದರೂ ಈ ಮಾತು ಹೇಳಲೆಂದು ಬಹಳ ದಿನದಿಂದ ಕಾದವಳಂತೆ ಕಣ್ಣು ಮುಚ್ಚಿದಳು. ಹೊರಕೋಣೆಯಲ್ಲಿ ಇನ್ನೊಂದು ಮಗ್ಗ ತನ್ನ ಪಾಡಿಗೆ ಓಡುತ್ತಿತ್ತು. ಅದನ್ನು ನಿಲ್ಲಿಸಲು ಯಾರಿಗೂ ನೆನಪಾಗಿರಲಿಲ್ಲ.

ಜಕ್ಕಪ್ಪ ಹೊರಟು ಬಾಗಿಲಿಗೆ ಬಂದಾಗ ಕಾಂಚನಾ ಹಿಂದೆ ಬಂದಳು.

"ಕೊಟ್ಟದ್ದಕ್ಕ ನಾ ಏನೂ ಅನ್ನಂಗಿಲ್ರಿ. ನಿಮಗೂ ಗೊತ್ತಿರಲಿಲ್ಲ. ಮುಚ್ಚಿಟ್ಟ ಹೋದ್ರಲ್ಲಾ..." ಸೆರಗಿನಿಂದ ಮುಖ ಒರೆಸಿಕೊಂಡು, "ಇನ್ನ ಈ ಮನಿಗೆ ಬರಬ್ಯಾಡ್ರಿ. ಹುಡಿಗಿ ಕೆಲಸದ ಮಾತ ಕೇಳಿದ್ರ ಮಾತ್ರ ಹೇಳ್ರಿ," ಎಂದಳು. ಆಗಲಿ ಎಂದು ಅವನು ತಲೆ ಬಾಗಿಸಿ ಓಣಿಗೆ ಇಳಿದ. ಪೂರ್ಣಿಮಾ ಬಾಗಿಲ ಒಳಗೆ ಅಜ್ಜಿಯ ಪಕ್ಕ ಕೂತಿದ್ದಳು.

ಸೋಮವಾರ ಬಂದು ಹೋಯಿತು. ಅವನು ಹುನ್ನೂರಿನ ಕಡೆಯ ಒಂದು ತೋಟದಲ್ಲಿ ಪಂಪಿನ ಕೇಬಲ್ಲು ಜೋಡಿಸುತ್ತ, ಅವಳು ಈಗ ಕಾರ್ಖಾನೆಯ ಬಾಗಿಲು ದಾಟಿರಬೇಕು, ಈಗ ಊಟದ ಡಬ್ಬಿ ಬಿಚ್ಚಿರಬೇಕು ಎಂದು ಹೊತ್ತು ಲೆಕ್ಕ ಹಾಕಿದ. ಆ ವಾರ, ಮುಂದಿನ ವಾರ ಅವಳ ಫೋನು ಬರಲಿಲ್ಲ. ಬರಬೇಕೆಂದು ಕೇಳುವ ಹಕ್ಕು ತನಗಿಲ್ಲ ಎಂದು ಗೊತ್ತಿದ್ದರೂ ಫೋನನ್ನು ಅಂಗಿಯ ಮೇಲಿನ ಜೇಬಿಗೆ ಬದಲಾಯಿಸಿಕೊಂಡ.

ಐದನೆಯ ವಾರ, ಭಾನುವಾರ ಮಧ್ಯಾಹ್ನ ಅವಳು ಫೋನು ಮಾಡಿದಳು. ಹೇಗಿದ್ದೀರಿ ಎಂದು ಕೇಳಲಿಲ್ಲ, ನೇರವಾಗಿ ಕೆಲಸದ ಮಾತಿಗೆ ಬಂದಳು. ಒಂದು ಮೋಟಾರಿನ ಪ್ಯಾನೆಲಿನಲ್ಲಿ ಲೈನು ಆರಿಸದೆ ಒಂದು ತಂತಿ ಬದಲಿಸು ಎಂದು ಒಬ್ಬ ಹಿರಿಯ ಕೆಲಸಗಾರ ಹೇಳಿದ್ದನಂತೆ. ಇವಳು ಒಪ್ಪದೆ ತಾನೇ ಹೋಗಿ ಮೇನ್ ಆರಿಸಿ ಬಂದಳಂತೆ. ಎಲ್ಲರೂ ನಕ್ಕರು, ಅಂಜುಬುರುಕಿ ಎಂದು ಹೆಸರಿಟ್ಟರು, ಎರಡು ದಿನ ಊಟಕ್ಕೆ ಯಾರೂ ಜೊತೆಗೆ ಕರೆಯಲಿಲ್ಲ. ತಾನು ಮಾಡಿದ್ದು ಸರಿಯೇ ಎಂದು ಕೇಳಿದಳು.

ಸರಿ, ನಾಳೆಯೂ ಹಾಗೇ ಮಾಡು, ನಗುವವರು ನಗಲಿ ಎಂದು ಜಕ್ಕಪ್ಪ ಹೇಳಿದ. ಒಬ್ಬಳೇ ಊಟ ಮಾಡುವುದು ಕಷ್ಟ, ಆದರೂ ಹಾಗೇ ಮಾಡು ಎಂದ. ಆ ಕಡೆ ಅವಳು ಹೂಂ ಎಂದಳು. ಫೋನು ಇಡುತ್ತಾಳೆ ಎಂದುಕೊಂಡಾಗ ಇನ್ನೊಂದು ಮಾತು ಹೇಳಿದಳು.

"ಅವ್ವ ನಿಮ್ಮ ಹೆಸರ ತಗ್ಯಂಗಿಲ್ಲ ಕಾಕಾ. ಆದ್ರ ಈಗ ಅಪ್ಪನ ಮಾತ ಆಡತಾಳ. ಮದುವಿ ಆದ ಹೊಸದಾಗಿ ಜಮಖಂಡಿಗೆ ಸಿನೆಮಾಕ್ಕ ಕರಕೊಂಡ ಹೋಗಿದ್ರಂತ, ಬಸ್ ತಪ್ಪಿ ನಡಕೋತ ಬಂದ್ರಂತ. ನನಗ ಇದ್ಯಾವುದೂ ಗೊತ್ತಿರಲಿಲ್ಲ."

ಆ ದಿನ ಬಸ್ಸು ತಪ್ಪಿದ್ದು ಜಕ್ಕಪ್ಪನಿಗೂ ಗೊತ್ತಿತ್ತು. ಮರುದಿನ ಕಾಲು ಊದಿಸಿಕೊಂಡು ಕೆಲಸಕ್ಕೆ ಬಂದಿದ್ದ ಸುಭಾಷನನ್ನು ಅವನೇ ಚೇಷ್ಟೆ ಮಾಡಿದ್ದ. ಅದನ್ನು ಹೇಳಬೇಕೆಂದು ಅನ್ನಿಸಿತು, ಆದರೆ ಅವಳು ಕೇಳಿರಲಿಲ್ಲ. ಕೆಲಸದ ಮಾತು ಮಾತ್ರ ಎಂದು ಅವನು ಒಪ್ಪಿಕೊಂಡು ಬಂದಿದ್ದ. ಛಲೋ ಆತು ಯವ್ವಾ ಎಂದಷ್ಟೇ ಹೇಳಿದ.

ಫೋನು ನಿಂತ ಮೇಲೆ ಅವನು ಹೊಸ್ತಿಲ ಮೇಲೆ ಕೂತ. ಓಣಿಯಲ್ಲಿ ಭಾನುವಾರದ ಸದ್ದು, ಯಾರದೋ ಮನೆಯಲ್ಲಿ ಟಿವಿ, ಯಾರೋ ಮಕ್ಕಳನ್ನು ಊಟಕ್ಕೆ ಕರೆಯುತ್ತಿದ್ದರು. ಎದುರು ಮನೆಯ ಕೆಂಪವ್ವ ಕಟ್ಟೆಯ ಮೇಲೆ ಕೂತು ಜೋಳ ಹಸನು ಮಾಡುತ್ತಿದ್ದಳು. ಹನ್ನೆರಡು ವರ್ಷದಲ್ಲಿ ಅವನು ಅವಳ ಜೊತೆ ನಾಲ್ಕು ಮಾತು ಆಡಿದ್ದರೆ ಹೆಚ್ಚು. ಯಾರ್ದ ಫೋನಪಾ, ರೈತರ್ದ ಬಿಟ್ಟ ಬ್ಯಾರೆ ಫೋನೂ ಬರತಾವೇನು ನಿನಗ ಎಂದು ಅವಳು ನಗುತ್ತ ಕೇಳಿದಳು.

"ನನ್ನ ಗೆಳೆಯಾನ ಮಗಳದು," ಎಂದ ಜಕ್ಕಪ್ಪ. "ಸುಭಾಷ್ ಅಂತ ಇದ್ದ."

ಯಾವ ಊರವನು, ಏನಾಗಿತ್ತು ಎಂದು ಕೆಂಪವ್ವ ಕೇಳಿದಳು. ಜಕ್ಕಪ್ಪ ಎದ್ದು ಓಣಿ ದಾಟಿ ಅವಳ ಕಟ್ಟೆಯ ತುದಿಗೆ ಕೂತು, ಬನಹಟ್ಟಿಯವನು ಎಂದು ಹೇಳಲು ಶುರು ಮಾಡಿದ.